ವ್ಯವಹಾರ ನಿರ್ಧಾರಗಳ ಮೇಲೆ ಸಾಮೂಹಿಕ ಚೌಕಾಶಿಯ ಹೊಣೆ

ಕಾರ್ಖಾನೆ ಮುಚ್ಚುವುದು, ಹೊಸ ಯಂತ್ರ ತರುವುದು, ಕೆಲಸವನ್ನು ಗುತ್ತಿಗೆಗೆ ಕೊಡುವುದು, ಘಟಕವನ್ನು ಬೇರೆ ಊರಿಗೆ ಸಾಗಿಸುವುದು, ಪಾಳಿ ಬದಲಿಸುವುದು ಮುಂತಾದ ನಿರ್ಧಾರಗಳು ಜಾರಿಗೆ ಬರುವ ಮೊದಲು ಮಾಲೀಕರು ಕಾರ್ಮಿಕ ಸಂಘದೊಡನೆ ಕುಳಿತು ಮಾತನಾಡಬೇಕೆಂಬ ಕಾನೂನಿನ ಬಾಧ್ಯತೆಗೆ ಈ ಹೆಸರಿದೆ. ವೇತನ, ರಜೆ, ಬೋನಸ್ಸುಗಳ ಮೇಲಿನ ಚೌಕಾಶಿ ಎಲ್ಲರಿಗೂ ಪರಿಚಿತ. ಬಂಡವಾಳವನ್ನು ಎಲ್ಲಿ ಹೂಡಬೇಕು, ಯಾವ ವಿಭಾಗ ಉಳಿಯಬೇಕು ಎಂಬ ಪ್ರಶ್ನೆಗಳಲ್ಲಿ ಸಂಘಕ್ಕೆ ಮಾತಿದೆಯೇ ಎಂಬುದು ಮಾತ್ರ ಹಲವು ದೇಶಗಳಲ್ಲಿ ಇನ್ನೂ ತೀರದ ವಿವಾದ. ಭಾರತದಲ್ಲಿ ಈ ಹೊಣೆಯನ್ನು ಒಂದೇ ಕಲಮಿನಲ್ಲಿ ಹೇಳಿಲ್ಲ. ಮುಂಚಿತ ಸೂಚನೆ, ಸರ್ಕಾರದ ಪೂರ್ವಾನುಮತಿ, ಅನುಚಿತ ಕಾರ್ಮಿಕ ಪದ್ಧತಿಯ ನಿಷೇಧ ಎಂಬ ಮೂರು ಏರ್ಪಾಡುಗಳಲ್ಲಿ ಅದು ಹಂಚಿಹೋಗಿದೆ. ಪೂರ್ವಾನುಮತಿಯ ನಿಯಮಕ್ಕೆ ಕಾರ್ಮಿಕರ ಸಂಖ್ಯೆಯ ಮಿತಿಯಿದೆ, ಸೂಚನೆಯ ನಿಯಮಕ್ಕೆ ಇಲ್ಲ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ ಮತ್ತು ಜಗಳೂರಿನಂಥ ಕೃಷಿಪ್ರಧಾನ ತಾಲ್ಲೂಕುಗಳಲ್ಲಿ ಉದ್ದಿಮೆಗಳು ಬಹುತೇಕ ಚಿಕ್ಕವು. ಅಲ್ಲಿ ಕೈಗೆಟಕುವ ರಕ್ಷಣೆ ಸೂಚನೆಯ ನಿಯಮವೇ.

ಪರಿಕಲ್ಪನೆಯ ಹುಟ್ಟು

ಈ ಹೊಣೆಗೆ ಸ್ಪಷ್ಟ ಕಾನೂನಿನ ರೂಪ ಕೊಟ್ಟದ್ದು ಅಮೆರಿಕದ 1935ರ ರಾಷ್ಟ್ರೀಯ ಕಾರ್ಮಿಕ ಸಂಬಂಧಗಳ ಕಾಯಿದೆ. ಬಹುಮತದ ಸಂಘದೊಡನೆ ಸದ್ಭಾವದಿಂದ ಚೌಕಾಶಿಗೆ ಕೂರಲು ನಿರಾಕರಿಸುವುದನ್ನು ಅದು ಅನುಚಿತ ಪದ್ಧತಿ ಎಂದು ಘೋಷಿಸಿತು. ಯಾವ ವಿಷಯದ ಮೇಲೆ ಚೌಕಾಶಿ ಎಂಬುದನ್ನು ನ್ಯಾಯಾಲಯಗಳು ನಂತರ ಗೆರೆ ಎಳೆದು ತೋರಿಸಿದವು. 1958ರ ಬೋರ್ಗ್-ವಾರ್ನರ್ ತೀರ್ಪು ಚೌಕಾಶಿಯ ವಿಷಯಗಳನ್ನು ಕಡ್ಡಾಯ ಮತ್ತು ಐಚ್ಛಿಕ ಎಂದು ವಿಂಗಡಿಸಿತು. 1964ರ ಫೈಬರ್‌ಬೋರ್ಡ್ ಪ್ರಕರಣದಲ್ಲಿ ಕಾರ್ಖಾನೆಯ ನಿರ್ವಹಣಾ ಕೆಲಸವನ್ನು ಹೊರಗಿನ ಗುತ್ತಿಗೆದಾರನಿಗೆ ಕೊಡುವ ನಿರ್ಧಾರ ಕಡ್ಡಾಯ ಚೌಕಾಶಿಗೆ ಒಳಪಟ್ಟಿತು. ಅಲ್ಲಿ ಉದ್ಯಮದ ಸ್ವರೂಪ ಬದಲಾಗಿರಲಿಲ್ಲ, ಅದೇ ಕೆಲಸವನ್ನು ಬೇರೆ ಕೈಗಳು ಮಾಡುತ್ತಿದ್ದವು ಎಂಬುದು ನಿರ್ಣಾಯಕವಾಯಿತು. 1981ರ ಫಸ್ಟ್ ನ್ಯಾಷನಲ್ ಮೇಂಟೆನೆನ್ಸ್ ತೀರ್ಪು ಹಿಂದೆ ಸರಿಯಿತು. ವ್ಯವಹಾರದ ಒಂದು ಭಾಗವನ್ನೇ ಆರ್ಥಿಕ ಕಾರಣಕ್ಕೆ ನಿಲ್ಲಿಸಿದರೆ ಆ ನಿರ್ಧಾರದ ಮೇಲೆ ಚೌಕಾಶಿ ಬೇಕಿಲ್ಲ, ಅದರ ಪರಿಣಾಮಗಳ ಮೇಲೆ ಬೇಕು ಎಂದಿತು. ನಿರ್ಧಾರ ಮತ್ತು ಪರಿಣಾಮ ಎಂಬ ಈ ಭೇದ ಭಾರತದ ಕಾನೂನನ್ನು ಓದುವಾಗಲೂ ನೆರವಿಗೆ ಬರುತ್ತದೆ.

ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1949ರ 98ನೇ ಒಡಂಬಡಿಕೆ ಸಾಮೂಹಿಕ ಚೌಕಾಶಿಯನ್ನು ಪ್ರೋತ್ಸಾಹಿಸಬೇಕೆಂದು ಸದಸ್ಯ ರಾಷ್ಟ್ರಗಳಿಗೆ ಹೇಳುತ್ತದೆ. ಸಂಘ ಕಟ್ಟುವ ಸ್ವಾತಂತ್ರ್ಯದ 87ನೇ ಒಡಂಬಡಿಕೆಯನ್ನಾಗಲಿ ಇದನ್ನಾಗಲಿ ಭಾರತ ಅನುಮೋದಿಸಿಲ್ಲ.

ಜಾರಿಗೆ ಬಾರದ 1947ರ ತಿದ್ದುಪಡಿ

ಭಾರತದಲ್ಲಿ ನೇರವಾದ ಚೌಕಾಶಿ ಹೊಣೆ ಇಲ್ಲದಿರುವುದಕ್ಕೆ ಯಾರಿಗೂ ಅದು ಹೊಳೆಯಲಿಲ್ಲ ಎಂಬುದು ಕಾರಣವಲ್ಲ. ಕಾನೂನು ಸಿದ್ಧವಾಗಿತ್ತು, ಜಾರಿಗೆ ಬರಲಿಲ್ಲ. 1926ರ ಕಾರ್ಮಿಕ ಸಂಘಗಳ ಕಾಯಿದೆಗೆ 1947ರಲ್ಲಿ ಒಪ್ಪಿದ ತಿದ್ದುಪಡಿ, ಪ್ರಾತಿನಿಧಿಕ ಸಂಘವನ್ನು ಮಾಲೀಕರು ಮಾನ್ಯ ಮಾಡಲೇಬೇಕೆಂದೂ, ಮಾನ್ಯ ಸಂಘದ ಪತ್ರಗಳಿಗೆ ಉತ್ತರಿಸಿ ಭೇಟಿಗೆ ಅವಕಾಶ ಕೊಡಬೇಕೆಂದೂ, ಮಾತುಕತೆಗೆ ನಿರಾಕರಿಸುವುದು ಅನುಚಿತ ಪದ್ಧತಿಯೆಂದೂ ಹೇಳಿತ್ತು. ಶಾಸಕಾಂಗ ಅಂಗೀಕರಿಸಿದ ಈ ತಿದ್ದುಪಡಿಯನ್ನು ಜಾರಿಗೊಳಿಸುವ ಅಧಿಸೂಚನೆ ಹೊರಬೀಳಲೇ ಇಲ್ಲ. 1950ರ ಕಾರ್ಮಿಕ ಸಂಬಂಧಗಳ ಮಸೂದೆಯೂ ಅಂದಿನ ತಾತ್ಕಾಲಿಕ ಸಂಸತ್ತಿನೊಂದಿಗೆ ಬಿದ್ದುಹೋಯಿತು. 1952ರಿಂದ 1954ರವರೆಗೆ ಕೇಂದ್ರ ಕಾರ್ಮಿಕ ಸಚಿವರಾಗಿದ್ದ ವಿ.ವಿ. ಗಿರಿ ಕಡ್ಡಾಯ ನ್ಯಾಯನಿರ್ಣಯಕ್ಕಿಂತ ನೇರ ಚೌಕಾಶಿಯೇ ಮೇಲೆಂದು ವಾದಿಸಿದರು. ಅವರ ನಿಲುವಿಗೆ ಸರ್ಕಾರದೊಳಗೇ ಬೆಂಬಲ ಸಿಗಲಿಲ್ಲ. ಉಳಿದದ್ದು ರಾಜಿ ಸಂಧಾನ, ಸರ್ಕಾರದ ನಿರ್ದೇಶನ, ನ್ಯಾಯಾಧಿಕರಣದ ಐತೀರ್ಪು ಎಂಬ ಮೂರು ಮೆಟ್ಟಿಲುಗಳ ದಾರಿ. ಅದನ್ನು ಹಾಸಿಕೊಟ್ಟದ್ದು 1947ರ ಕೈಗಾರಿಕಾ ವಿವಾದಗಳ ಕಾಯಿದೆ.

ಈ ನಾಲ್ಕು ತಾಲ್ಲೂಕುಗಳ ನೆಲ ಆಗ ಮೈಸೂರು ಸಂಸ್ಥಾನಕ್ಕೆ ಸೇರಿತ್ತು. ಚನ್ನಗಿರಿ ಮತ್ತು ನ್ಯಾಮತಿಯನ್ನೊಳಗೊಂಡ ಹೊನ್ನಾಳಿ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ಸಂಸ್ಥಾನದಲ್ಲಿ 1941ರ ತುರ್ತು ಕಾರ್ಮಿಕ ಕಾನೂನು, ಅದರ ಬೆನ್ನಿಗೆ ಬಂದ 1942ರ ಮೈಸೂರು ಕಾರ್ಮಿಕ ಕಾಯಿದೆ ಕಾರ್ಮಿಕರ ಸಂಘಗಳಿಗೆ ಕಾನೂನಿನ ನೆಲೆ ಕೊಟ್ಟಿದ್ದವು.  ವ್ಯವಹಾರ ನಿರ್ಧಾರಗಳನ್ನು ಚೌಕಾಶಿಯ ವ್ಯಾಪ್ತಿಗೆ ತರುವ ಉದ್ದೇಶ ಮಾತ್ರ ಆ ಕಾನೂನುಗಳಿಗೆ ಇದ್ದಂತಿಲ್ಲ.

1958ರಲ್ಲಿ ಬಂದ ಶಿಸ್ತಿನ ಸಂಹಿತೆ ಸಂಘಗಳ ಮಾನ್ಯತೆಗೆ ಮಾನದಂಡ ಹಾಕಿತಾದರೂ ಅದು ಸ್ವಯಂಪ್ರೇರಿತ, ಮುರಿದವರಿಗೆ ಶಿಕ್ಷೆಯಿಲ್ಲ. ಮಹಾರಾಷ್ಟ್ರ 1971ರಲ್ಲಿ, ಕೇರಳ 2010ರಲ್ಲಿ ಮಾನ್ಯತೆಗಾಗಿಯೇ ಕಾಯಿದೆ ಮಾಡಿದವು. ಕರ್ನಾಟಕ ಆ ದಾರಿ ಹಿಡಿಯಲಿಲ್ಲ. ಇಲ್ಲಿನ ಸಂಘಗಳು ಮಾನ್ಯತೆಯನ್ನು ಬಲದಿಂದ, ಒಪ್ಪಂದದಿಂದ, ಕೆಲವೊಮ್ಮೆ ಮುಷ್ಕರದಿಂದ ಪಡೆದುಕೊಳ್ಳಬೇಕಾಯಿತು.

1982ರ ತಿದ್ದುಪಡಿ ಕೈಗಾರಿಕಾ ವಿವಾದಗಳ ಕಾಯಿದೆಗೆ ಐದನೆಯ ಅನುಸೂಚಿಯನ್ನು ಸೇರಿಸಿತು. ಮಾನ್ಯ ಸಂಘದೊಡನೆ ಸದ್ಭಾವದಿಂದ ಸಾಮೂಹಿಕ ಚೌಕಾಶಿ ನಡೆಸಲು ನಿರಾಕರಿಸುವುದು ಅದರಲ್ಲಿ ಅನುಚಿತ ಪದ್ಧತಿಯೆಂದು ಸೇರಿತು. 1984ರ ಆಗಸ್ಟ್ 21ರಿಂದ ಅದು ಜಾರಿಯಾಯಿತು. ಇದನ್ನೇ ಭಾರತದ ಚೌಕಾಶಿ ಹೊಣೆ ಎಂದು ಪಠ್ಯಪುಸ್ತಕಗಳು ಹೇಳುವುದುಂಟು. ಆ ಮಾತನ್ನು ಎಚ್ಚರದಿಂದ ಒಪ್ಪಬೇಕು. ಮೊದಲನೆಯದಾಗಿ, ಮಾನ್ಯತೆ ಕಡ್ಡಾಯವಲ್ಲದ ರಾಜ್ಯದಲ್ಲಿ ಮಾನ್ಯ ಸಂಘ ಯಾವುದೆಂಬುದೇ ಪ್ರಶ್ನೆಯಾಗಿತ್ತು. ಎರಡನೆಯದಾಗಿ, ಶಿಕ್ಷೆ ಗರಿಷ್ಠ ಆರು ತಿಂಗಳ ಸೆರೆವಾಸ ಅಥವಾ ಸಾವಿರ ರೂಪಾಯಿ ದಂಡ ಅಥವಾ ಎರಡೂ ಆಗಿದ್ದರೂ, ಸರ್ಕಾರದ ಅಧಿಕಾರ ಪಡೆದ ದೂರಿಲ್ಲದೆ ನ್ಯಾಯಾಲಯ ಪ್ರಕರಣವನ್ನು ಕೈಗೆತ್ತಿಕೊಳ್ಳುವಂತಿರಲಿಲ್ಲ. ಅನ್ಯಾಯಕ್ಕೊಳಗಾದ ಸಂಘವೇ ನೇರವಾಗಿ ಮೊಕದ್ದಮೆ ಹೂಡಲಾಗದ ಹೊಣೆ ಕಾಗದದ ಮೇಲೆ ಎಷ್ಟು ಗಟ್ಟಿಯಾಗಿದ್ದರೂ ಕಾರ್ಖಾನೆಯ ಗೇಟಿನಲ್ಲಿ ಹಗುರವೇ.

ಕಲಂ 9-ಎ ಮತ್ತು ನಾಲ್ಕನೆಯ ಅನುಸೂಚಿ

ವ್ಯವಹಾರ ನಿರ್ಧಾರಗಳಿಗೆ ನಿಜವಾಗಿ ತಾಗುವ ಕಲಂ ಬೇರೆಯೇ ಇದೆ. 1956ರ ತಿದ್ದುಪಡಿಯಿಂದ ಸೇರಿ, 1957ರ ಮಾರ್ಚ್ 10ರಿಂದ ಜಾರಿಯಾದ, ಅದೇ ಕಾಯಿದೆಯ ಕಲಂ 9-ಎ (2020ರ ಸಂಹಿತೆಯಲ್ಲಿ ಈಗ ಕಲಂ 40) ಪ್ರಕಾರ, ನಾಲ್ಕನೆಯ ಅನುಸೂಚಿಯಲ್ಲಿರುವ ಯಾವುದೇ ವಿಷಯದಲ್ಲಿ ಸೇವಾ ಷರತ್ತು ಬದಲಿಸಬೇಕೆಂದಿರುವ ಮಾಲೀಕರು ಬಾಧಿತರಾಗಬಹುದಾದ ಕಾರ್ಮಿಕರಿಗೆ ನಿಗದಿತ ನಮೂನೆಯಲ್ಲಿ ಸೂಚನೆ ಕೊಡಬೇಕು, ಕೊಟ್ಟ 21 ದಿನಗಳೊಳಗೆ ಬದಲಾವಣೆ ಜಾರಿ ಮಾಡಕೂಡದು. ಒಪ್ಪಂದ ಅಥವಾ ಐತೀರ್ಪಿನಂತೆ ಆಗುವ ಬದಲಾವಣೆಗೆ ಸೂಚನೆ ಬೇಕಿಲ್ಲ. ಸಂಘದೊಡನೆ ಮೊದಲೇ ಒಪ್ಪಂದಕ್ಕೆ ಬಂದ ಮಾಲೀಕರಿಗೆ ಕಾಯುವ ಅವಧಿ ಇಲ್ಲ ಎಂಬುದೇ ಈ ವಿನಾಯಿತಿಯ ಒಳಗುಟ್ಟು, ಚೌಕಾಶಿಗೆ ಕಾನೂನು ಇಟ್ಟಿರುವ ಪ್ರೋತ್ಸಾಹವೂ ಅದೇ.

ಅನುಸೂಚಿಯಲ್ಲಿ ಹನ್ನೊಂದು ವಿಷಯಗಳಿವೆ. ವೇತನ, ಭವಿಷ್ಯನಿಧಿಯ ವಂತಿಗೆ, ಭತ್ಯೆ, ಕೆಲಸದ ವೇಳೆ, ರಜೆ, ಪಾಳಿ, ದರ್ಜೆ, ರೂಢಿಯಿಂದ ಬಂದ ಸವಲತ್ತು, ಶಿಸ್ತಿನ ನಿಯಮ ಇವು ಮೊದಲ ಒಂಬತ್ತು. ವ್ಯವಹಾರ ನಿರ್ಧಾರಗಳ ದೃಷ್ಟಿಯಿಂದ ತೂಕವಿರುವವು ಕೊನೆಯ ಎರಡು. ಹತ್ತನೆಯದು, ಉದ್ಯೋಗ ಕಡಿತಕ್ಕೆ ಎಡೆಮಾಡಬಹುದಾದ ಯಂತ್ರ ಅಥವಾ ತಂತ್ರದ ವೈಚಾರಿಕೀಕರಣ, ಪ್ರಮಾಣೀಕರಣ, ಸುಧಾರಣೆ. ಹನ್ನೊಂದನೆಯದು, ಯಾವುದೇ ಕೆಲಸ, ಪ್ರಕ್ರಿಯೆ, ವಿಭಾಗ ಅಥವಾ ಪಾಳಿಯಲ್ಲಿನ ಕಾರ್ಮಿಕರ ಸಂಖ್ಯೆಯಲ್ಲಿ ಆಕಸ್ಮಿಕವಲ್ಲದ ಏರಿಳಿತ. ಇದರಲ್ಲೂ ಮಾಲೀಕರ ಹಿಡಿತ ಮೀರಿದ ಸಂದರ್ಭಗಳಿಂದಾದ ಏರಿಳಿತಕ್ಕೆ ವಿನಾಯಿತಿಯುಂಟು. ಕಾರ್ಮಿಕ ಕಾನೂನಿನ ಒಂದು ಇಡೀ ವಾದಸರಣಿ ಈ ಎರಡು ಸಾಲುಗಳ ಸುತ್ತ ಬೆಳೆದಿದೆ.

ಆರಂಭದ ತೀರ್ಪುಗಳು ಮಾಲೀಕರ ಪರವಾಗಿದ್ದವು. 1958ರ ಮ್ಯಾಕ್ರೊಪೊಲೊ ಪ್ರಕರಣದಲ್ಲಿಯೂ ನಂತರದ ಪ್ಯಾರಿ ಕಂಪನಿ ಪ್ರಕರಣದಲ್ಲಿಯೂ ಸರ್ವೋಚ್ಚ ನ್ಯಾಯಾಲಯ ಒಂದೇ ನಿಲುವು ತಳೆಯಿತು. ವ್ಯವಹಾರವನ್ನು ಹೇಗೆ ಪುನಾರಚಿಸಬೇಕೆಂಬುದು ಮಾಲೀಕರ ವಿವೇಚನೆ. ಅದು ಪ್ರಾಮಾಣಿಕವಾಗಿದ್ದರೆ ಅದರ ಔಚಿತ್ಯವನ್ನು ನ್ಯಾಯಾಧಿಕರಣ ತೂಗಕೂಡದು, ಅದರಿಂದ ಹೆಚ್ಚುವರಿಯಾದ ಕಾರ್ಮಿಕರ ಕಡಿತವೂ ಅದರ ಸಹಜ ಫಲ. ಕಲ್ಕತ್ತೆಯ ಹಿಂದೂಸ್ತಾನ್ ಲಿವರ್ ಪ್ರಕರಣ 1973ರಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಕಂಪನಿ ತನ್ನ ಮಾರಾಟ ವಿಭಾಗಗಳನ್ನು ಪುನಾರಚಿಸಿದಾಗ ಕಾರ್ಮಿಕರು ಹೊಸ ವ್ಯವಸ್ಥೆಯಲ್ಲಿ ದುಡಿಯಲು ಒಪ್ಪಲಿಲ್ಲ, ಸೂಚನೆ ಕೊಟ್ಟಿಲ್ಲವೆಂದು ವಾದಿಸಿದರು. ಯಾರನ್ನೂ ಕೆಲಸದಿಂದ ತೆಗೆಯದ ಕಾರಣ ಹತ್ತನೆಯ ವಿಷಯವಾಗಲಿ ಹನ್ನೊಂದನೆಯದಾಗಲಿ ಅನ್ವಯಿಸದು ಎಂದು ನ್ಯಾಯಾಲಯ ಹೇಳಿತು. ಹೀಗೆ ಪುನಾರಚನೆ ತಾನಾಗಿಯೇ ಸೂಚನೆಯ ವಿಷಯವಲ್ಲ, ಜನರ ಸಂಖ್ಯೆಗೆ ತಾಗಿದಾಗಲೇ ಆಗುತ್ತದೆ ಎಂಬ ಗೆರೆ ಬಿತ್ತು.

ಇನ್ನೊಂದು ಧಾರೆ ಕಾರ್ಮಿಕರ ಕಡೆಗೆ ಹರಿಯಿತು. ವಾರದ ರಜೆಯನ್ನು ಭಾನುವಾರದಿಂದ ಬೇರೆ ದಿನಕ್ಕೆ ಬದಲಿಸಿದ್ದ ಟಾಟಾ ಉಕ್ಕು ಕಂಪನಿಯ ಪ್ರಕರಣದಲ್ಲಿ, 1972ರಲ್ಲಿ, 9-ಎ ಉದ್ದೇಶವನ್ನು ನ್ಯಾಯಾಲಯ ವಿವರಿಸಿತು. ಬದಲಾವಣೆಯ ಪರಿಣಾಮವನ್ನು ಕಾರ್ಮಿಕರು ಯೋಚಿಸಿ ತಮ್ಮ ಮಾತು ಹೇಳಲು, ಚರ್ಚೆಯಿಂದ ಬಿಕ್ಕಟ್ಟು ತಪ್ಪಿಸಲು ಈ ಕಾಲಾವಕಾಶ ಇದೆ ಎಂಬುದು ಅದರ ಸಾರ. 1985ರ ಭಾರತ ಆಹಾರ ನಿಗಮದ ತೀರ್ಪು ಗುತ್ತಿಗೆಯ ಪ್ರಶ್ನೆಗೆ ಬಂತು. ಸಿಲಿಗುರಿಯಲ್ಲಿ ನೇರ ಪಾವತಿ ಪದ್ಧತಿಯಲ್ಲಿ ದುಡಿಯುತ್ತಿದ್ದ ಹಮಾಲರನ್ನು ನಿಗಮ ಮತ್ತೆ ಗುತ್ತಿಗೆದಾರನ ಕೈಗೆ ಒಪ್ಪಿಸಿತ್ತು. ಸೂಚನೆಯಿಲ್ಲದ ಈ ಬದಲಾವಣೆ ಕಾನೂನುಬಾಹಿರ ಎಂದು ತೀರ್ಪಾಯಿತು. ಕೆಲಸ ಅದೇ, ಕೈಗಳೂ ಅವೇ, ಮಾಲೀಕತ್ವ ಮಾತ್ರ ಬೇರೆ ಎಂಬ ಸಂದರ್ಭದಲ್ಲಿ ಭಾರತದ ನ್ಯಾಯಾಲಯ ಅಮೆರಿಕದ ಫೈಬರ್‌ಬೋರ್ಡ್ ತೀರ್ಪಿಗೆ ತೀರ ಹತ್ತಿರ ಬಂದದ್ದು ಇಲ್ಲಿಯೇ. ಸೂಚನೆಯ ನಿಯಮದ ಅತ್ಯಂತ ಫಲವತ್ತಾದ ಬಳಕೆಯೂ ಇದೇ ಎನ್ನಬಹುದು.

1999ರ ಲೋಕಮತ್ ಪತ್ರಿಕೆಯ ಪ್ರಕರಣ ಸಮಯದ ಪ್ರಶ್ನೆಯನ್ನು ಬಗೆಹರಿಸಿತು. ನಾಗಪುರದ ಮುದ್ರಣಾಲಯದಲ್ಲಿ ಕೈಜೋಡಣೆಯ ಜಾಗಕ್ಕೆ ಫೋಟೊ ಅಕ್ಷರಜೋಡಣೆ ಬಂದು ಜೋಡಣೆಗಾರರು ಕೆಲಸ ಕಳೆದುಕೊಂಡರು. ಸೂಚನೆ ಯಂತ್ರ ಬರುವ ಮೊದಲು ಬೇಕೋ, ಜನರನ್ನು ತೆಗೆಯುವ ಮೊದಲು ಸಾಕೋ ಎಂಬುದು ವಾದ. ಯಂತ್ರ ಬರುವ ಮೊದಲೇ ಬೇಕು ಎಂದಿತು ನ್ಯಾಯಾಲಯ. ಯಂತ್ರ ನೆಲೆಗೊಂಡ ಮೇಲೆ ಕಾರ್ಮಿಕರ ಮಾತಿಗೆ ಅರ್ಥ ಉಳಿಯುವುದಿಲ್ಲ. ಈ ತೀರ್ಪಿನಿಂದ 9-ಎ ಪರಿಣಾಮದ ಮೇಲಿನ ಮಾತುಕತೆಗೆ ಸೀಮಿತವಾಗದೆ ನಿರ್ಧಾರದ ಮೇಲಿನ ಮಾತುಕತೆಗೂ ಬಾಗಿಲು ತೆರೆಯಿತು.

ಆದರೆ ಬಾಗಿಲು ತೆರೆಯುವುದಕ್ಕಿಂತ ಹೆಚ್ಚಿನದನ್ನು 9-ಎ ಕೊಡುವುದಿಲ್ಲ. 21 ದಿನಗಳಲ್ಲಿ ಮಾಲೀಕರು ಚರ್ಚೆಗೆ ಬರಲೇಬೇಕೆಂದು ಅದು ಹೇಳುವುದಿಲ್ಲ, ಒಪ್ಪಬೇಕೆಂದಂತೂ ಇಲ್ಲವೇ ಇಲ್ಲ. ಆ ಅವಧಿಯಲ್ಲಿ ಸಂಘ ವಿವಾದ ಎತ್ತಿ ಸಂಧಾನಾಧಿಕಾರಿಯ ಮುಂದೆ ಹೋದರೆ ಕಲಂ 33ರಂತೆ ವಿವಾದಕ್ಕೆ ಸಂಬಂಧಿಸಿದ ಷರತ್ತುಗಳು ನಿಂತಲ್ಲೇ ನಿಲ್ಲುತ್ತವೆ. ಸೂಚನೆ ಹಲ್ಲು ಪಡೆಯುವುದು ಹೀಗೆ ಸಂಧಾನದೊಡನೆ ಜೋಡಿಸಿದಾಗ. ಇದನ್ನು ತಿಳಿದ ಸಂಘಗಳು ಸೂಚನಾ ಫಲಕದ ಮೇಲೆ ಕಾಗದ ಅಂಟಿದ ವಾರದಲ್ಲೇ ಲಿಖಿತ ಆಕ್ಷೇಪ ಸಲ್ಲಿಸುತ್ತವೆ, ತಿಳಿಯದವು 21 ದಿನ ಕಳೆದುಕೊಳ್ಳುತ್ತವೆ. ಸೂಚನೆಯನ್ನೇ ಕೊಡದ ಮಾಲೀಕರಿಗೆ ಕಾಯಿದೆಯಲ್ಲಿ ಪ್ರತ್ಯೇಕ ಶಿಕ್ಷೆ ಇರಲಿಲ್ಲ. ಸಾಮಾನ್ಯ ದಂಡ 100 ರೂಪಾಯಿಯವರೆಗೆ ಮಾತ್ರ. ಬದಲಾವಣೆ ಊರ್ಜಿತವಲ್ಲ ಎಂಬ ತೀರ್ಪೇ ನಿಜವಾದ ದಂಡ.

ಕೆಲಸದ ಒತ್ತಡ ಅಥವಾ ಉತ್ಪಾದನೆಯ ವೇಗ ಹನ್ನೊಂದು ವಿಷಯಗಳಲ್ಲಿ ಹೆಸರಿಸಿದ ವಿಷಯವಲ್ಲ ಎಂಬುದು ಗಂಭೀರ ಲೋಪ. ಬಿಡದಿಯ ಟೊಯೊಟಾ ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ 2020ರ ನವೆಂಬರಿನಲ್ಲಿ ಸಂಘದ ಪದಾಧಿಕಾರಿಯೊಬ್ಬರ ಅಮಾನತಿನಿಂದ ಮುಷ್ಕರ ಹೊತ್ತಿಕೊಂಡು ಲಾಕೌಟ್ ಘೋಷಣೆಯಾದಾಗ ಕಾರ್ಮಿಕರ ದೂರಿನ ತಿರುಳು ಕೆಲಸದ ಒತ್ತಡವೇ ಆಗಿತ್ತು. ರಾಜ್ಯ ಸರ್ಕಾರ ಮುಷ್ಕರ, ಲಾಕೌಟ್ ಎರಡನ್ನೂ ನಿಷೇಧಿಸಿತು. ಬಿಕ್ಕಟ್ಟು ಮುಂದಿನ ವರ್ಷದವರೆಗೂ ಎಳೆಯಿತು.

ಮುಚ್ಚುಗಡೆ ಮತ್ತು ಉದ್ಯೋಗ ಕಡಿತ

ಘಟಕವನ್ನೇ ಮುಚ್ಚುವ ನಿರ್ಧಾರದಲ್ಲಿ ಕಾನೂನು ಚೌಕಾಶಿಯನ್ನು ಬಿಟ್ಟು ಸರ್ಕಾರದ ಅನುಮತಿಯನ್ನು ಆಯ್ದುಕೊಂಡಿತು. ಕೈಗಾರಿಕಾ ವಿವಾದಗಳ ಕಾಯಿದೆಗೆ 1976ರಲ್ಲಿ ಸೇರಿದ 5-ಬಿ ಅಧ್ಯಾಯ 300 ಅಥವಾ ಹೆಚ್ಚು ಕಾರ್ಮಿಕರಿರುವ ಕಾರ್ಖಾನೆ, ಗಣಿ, ತೋಟಗಳಲ್ಲಿ ಲೇ-ಆಫ್, ಕಡಿತ, ಮುಚ್ಚುಗಡೆಗೆ ಪೂರ್ವಾನುಮತಿ ಕಡ್ಡಾಯ ಮಾಡಿತು. 1978ರ ಎಕ್ಸೆಲ್ ವೇರ್ ತೀರ್ಪು ಮುಚ್ಚುಗಡೆಯ ಕಲಮನ್ನು ರದ್ದುಪಡಿಸಿತು. 1982ರ ತಿದ್ದುಪಡಿ ಅದನ್ನು ತಿದ್ದಿ ಬರೆದು ಮಿತಿಯನ್ನು 100ಕ್ಕೆ ಇಳಿಸಿತು. 1992ರ ಮೀನಾಕ್ಷಿ ಮಿಲ್ಸ್ ತೀರ್ಪು ಕಡಿತದ ಕಲಮನ್ನೂ, 2002ರ ಒರಿಸ್ಸಾ ಟೆಕ್ಸ್‌ಟೈಲ್ ತೀರ್ಪು ತಿದ್ದಿದ ಮುಚ್ಚುಗಡೆ ಕಲಮನ್ನೂ ಎತ್ತಿಹಿಡಿದವು. ಮುಚ್ಚುವ 90 ದಿನ ಮೊದಲು ಅರ್ಜಿ ಹಾಕಬೇಕು, ಅದರ ಪ್ರತಿ ಕಾರ್ಮಿಕ ಪ್ರತಿನಿಧಿಗಳಿಗೆ ತಲುಪಬೇಕು, ಸರ್ಕಾರ ಅವರ ಮಾತನ್ನೂ ಕೇಳಬೇಕು. 60 ದಿನಗಳಲ್ಲಿ ಉತ್ತರ ಬಾರದಿದ್ದರೆ ಅನುಮತಿ ಸಿಕ್ಕಂತೆ. ಹೀಗೆ ಸಂಘ ಇಲ್ಲಿ ಅಹವಾಲು ಹೇಳುವ ಪಕ್ಷ, ಚೌಕಾಶಿ ಮಾಡುವ ಪಕ್ಷವಲ್ಲ.

ಮಿತಿಗಿಂತ ಚಿಕ್ಕ ಘಟಕಗಳಲ್ಲಿ ಉಳಿಯುವುದು ಸೂಚನೆ ಮತ್ತು ಪರಿಹಾರ. 50 ಅಥವಾ ಹೆಚ್ಚು ಮಂದಿ ಇದ್ದರೆ ಸರ್ಕಾರಕ್ಕೆ 60 ದಿನಗಳ ಸೂಚನೆ, ಪೂರೈಸಿದ ಪ್ರತಿ ಸೇವಾವರ್ಷಕ್ಕೆ 15 ದಿನಗಳ ಸರಾಸರಿ ವೇತನ. ಸಾರ್ವಜನಿಕ ಉದ್ಯಮದ ಷೇರು ಮಾರಾಟದಲ್ಲಿ ಕಾರ್ಮಿಕರಿಗೆ ಮುಂಚಿತವಾಗಿ ಮಾತು ಹೇಳುವ ಹಕ್ಕಿಲ್ಲ ಎಂದು 2001ರ ಬಾಲ್ಕೊ ತೀರ್ಪು ಸಾರಿತು. ಕಂಪನಿಯ ಸಮಾಪನ ಅರ್ಜಿಯಲ್ಲಿ ಕಾರ್ಮಿಕರ ಅಹವಾಲು ಕೇಳಬೇಕೆಂದು ನ್ಯಾಷನಲ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ಪ್ರಕರಣದಲ್ಲಿ ಬಂದ ಬಹುಮತದ ತೀರ್ಪು ಇದಕ್ಕಿಂತ ಉದಾರವಾಗಿತ್ತು.

ಸುತ್ತಲಿನ ಪ್ರಕರಣಗಳು

ನಾಲ್ಕು ತಾಲ್ಲೂಕುಗಳ ಜನ ದೊಡ್ಡ ಕಾರ್ಖಾನೆಯ ದುಡಿಮೆಯನ್ನು ಕಂಡದ್ದು ಹೆಚ್ಚಾಗಿ ನೆರೆಯ ಪಟ್ಟಣಗಳಲ್ಲಿ. ಹತ್ತಿಗಿರಣಿಗಳಿಂದ ಕರ್ನಾಟಕದ ಮ್ಯಾಂಚೆಸ್ಟರ್ ಎನಿಸಿಕೊಂಡಿದ್ದ ದಾವಣಗೆರೆಯಲ್ಲಿ ಗಿರಣಿ ಕಾರ್ಮಿಕರ ಸಂಘಗಳು ಎಡಪಕ್ಷದ ನೇತೃತ್ವದಲ್ಲಿ ಬಲವಾಗಿ ಬೆಳೆದವು. ಅಲ್ಲಿನ ಕಾರ್ಮಿಕ ನಾಯಕ ಪಂಪಾಪತಿ ವಿಧಾನಸಭೆಗೂ ಆಯ್ಕೆಯಾದರು. ತೋಳಹುಣಸೆಯ ಯಲ್ಲಮ್ಮ ಹತ್ತಿ ಗಿರಣಿ 1974ರ ರಾಷ್ಟ್ರೀಕರಣದಲ್ಲಿ ಸರ್ಕಾರದ ಕೈಸೇರಿತು. ಗಿರಣಿಗಳು ಒಂದೊಂದಾಗಿ ನಿಂತವು. 1941ರಲ್ಲಿ ಹರಿಹರದಲ್ಲಿ ಆರಂಭವಾಗಿ ಲೇತ್ ಯಂತ್ರಗಳಿಗೆ ಹೆಸರಾಗಿದ್ದ ಮೈಸೂರು ಕಿರ್ಲೋಸ್ಕರ್ ಈ ಶತಮಾನದ ಆರಂಭದಲ್ಲಿ ಮುಚ್ಚಿತು. ವೇತನದ ಮೇಲೆ ದಶಕಗಳ ಕಾಲ ಸಮರ್ಥವಾಗಿ ಚೌಕಾಶಿ ನಡೆಸಿದ ಸಂಘಗಳಿಗೂ ಯಂತ್ರ ಹೊಸದಾಗಬೇಕೇ, ಬಂಡವಾಳ ಬೇರೆಡೆ ಹೋಗಬೇಕೇ ಎಂಬ ಪ್ರಶ್ನೆಗಳಲ್ಲಿ ಕಾನೂನು ಆಸನ ಕೊಡಲಿಲ್ಲ.

ಚನ್ನಗಿರಿ ಮತ್ತು ನ್ಯಾಮತಿಗೆ ಹತ್ತಿರದ ಭದ್ರಾವತಿಯಲ್ಲಿ 1923ರಿಂದ ಉತ್ಪಾದನೆ ನಡೆಸಿದ ವಿಶ್ವೇಶ್ವರಯ್ಯ ಕಬ್ಬಿಣ ಮತ್ತು ಉಕ್ಕಿನ ಕಾರ್ಖಾನೆ 1998ರಲ್ಲಿ ಭಾರತೀಯ ಉಕ್ಕು ಪ್ರಾಧಿಕಾರದಲ್ಲಿ ವಿಲೀನವಾಯಿತು. ಖಾಸಗೀಕರಣದ ಪ್ರಯತ್ನವನ್ನು 2022ರಲ್ಲಿ ಕೈಬಿಡಲಾಯಿತು. 2023ರ ಜನವರಿಯಲ್ಲಿ ಪ್ರಾಧಿಕಾರದ ಆಡಳಿತ ಮಂಡಳಿ ಮುಚ್ಚುವ ನಿರ್ಧಾರ ಕೈಗೊಂಡಿತು. ಗುತ್ತಿಗೆ ಕಾರ್ಮಿಕರು ಕಾರ್ಖಾನೆಯ ಮುಂದೆ ಧರಣಿ ಕುಳಿತರು. ಆ ವರ್ಷದ ಆಗಸ್ಟಿನಲ್ಲಿ ಉತ್ಪಾದನೆ ಭಾಗಶಃ ಮರಳಿತು. ಇಲ್ಲಿ ಚೌಕಾಶಿ ನಡೆದದ್ದು ಸಂಘ ಮತ್ತು ಮಾಲೀಕರ ನಡುವೆ ಅಲ್ಲ, ಊರು ಮತ್ತು ಕೇಂದ್ರ ಸರ್ಕಾರದ ನಡುವೆ. ಗುತ್ತಿಗೆ ಕಾರ್ಮಿಕರ ಲೆಕ್ಕದ ಮಾಲೀಕರು ಗುತ್ತಿಗೆದಾರರು, ಮುಚ್ಚುವ ನಿರ್ಧಾರ ಮಾಡಿದವರು ಪ್ರಾಧಿಕಾರದವರು. ಕಾನೂನಿನ ಈ ಬಿರುಕಿನಲ್ಲಿ ಅತಿ ಹೆಚ್ಚು ಜನ ಸಿಕ್ಕಿಬೀಳುತ್ತಾರೆ.

ಶ್ರೀರಂಗಪಟ್ಟಣದ ಸಿದ್ಧ ಉಡುಪು ಕಾರ್ಖಾನೆಯ ಪ್ರಕರಣ ಬೇರೆ ದಾರಿ ತೋರಿಸಿತು. 2020ರ ಜೂನ್‌ನಲ್ಲಿ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್ ಅಲ್ಲಿನ ಘಟಕದ ಸಾವಿರಕ್ಕೂ ಹೆಚ್ಚು ಕಾರ್ಮಿಕರನ್ನು ಲೇ-ಆಫ್ ಮಾಡಿತು. ಅವರಲ್ಲಿ ಹೆಚ್ಚಿನವರು ಮಹಿಳೆಯರು. ಪೂರ್ವಾನುಮತಿಯಿಲ್ಲದ ಈ ಕ್ರಮ ಕಾನೂನುಬಾಹಿರವೆಂದು ಗಾರ್ಮೆಂಟ್ ಅಂಡ್ ಟೆಕ್ಸ್‌ಟೈಲ್ ವರ್ಕರ್ಸ್ ಯೂನಿಯನ್ ವಾದಿಸಿತು. ಕಾರ್ಖಾನೆಯ ಉಡುಪು ಕೊಳ್ಳುತ್ತಿದ್ದ ಎಚ್ ಅಂಡ್ ಎಂ ಸಂಸ್ಥೆಯ ಮೇಲೂ ಒತ್ತಡ ಬಿತ್ತು. 2021ರಲ್ಲಿ ಸಂಘ ಮತ್ತು ಕಂಪನಿ ಮರುನೇಮಕದ ಒಪ್ಪಂದಕ್ಕೆ ಬಂದವು. ಸ್ಥಳೀಯ ಕಾನೂನು ಎಟುಕದ ಕಡೆ ಕೊಳ್ಳುವ ಬ್ರ್ಯಾಂಡಿನ ಮೂಲಕ ಮಾತುಕತೆಯ ಮೇಜು ಸಿಕ್ಕ ಅಪರೂಪದ ನಿದರ್ಶನವಿದು.

2020ರ ಸಂಹಿತೆ

2020ರ ಕೈಗಾರಿಕಾ ಸಂಬಂಧಗಳ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಗೆ ಬಂದಿತು. 1947ರಲ್ಲಿ ಕೈಬಿಟ್ಟದ್ದನ್ನು ಅದು ಒಂದು ಮಟ್ಟಿಗೆ ಮರಳಿ ತಂದಿದೆ. ಹಾಜರಿ ಪಟ್ಟಿಯಲ್ಲಿರುವ ಕಾರ್ಮಿಕರಲ್ಲಿ ಶೇ. 51 ಅಥವಾ ಹೆಚ್ಚು ಮಂದಿಯ ಬೆಂಬಲವಿರುವ ಸಂಘ ಏಕೈಕ ಚೌಕಾಶಿ ಸಂಘ. ಅಷ್ಟು ಬೆಂಬಲ ಯಾರಿಗೂ ಇಲ್ಲದಿದ್ದರೆ ಕನಿಷ್ಠ ಶೇ. 20 ಬೆಂಬಲವುಳ್ಳ ಸಂಘಗಳ ಪ್ರತಿನಿಧಿಗಳಿರುವ ಚೌಕಾಶಿ ಮಂಡಳಿ. ಆದರೆ ಇವು ಮಾತನಾಡಬೇಕಾದದ್ದು ನಿಯಮಗಳಲ್ಲಿ ಗೊತ್ತುಪಡಿಸಿದ ವಿಷಯಗಳ ಮೇಲೆ. ಕೇಂದ್ರ 2021ರಲ್ಲಿ ಪ್ರಕಟಿಸಿದ ಕರಡಿನ ಪಟ್ಟಿಯಲ್ಲಿ ದರ್ಜೆ, ವೇತನ, ವೇಳೆ, ರಜೆ, ಬಡ್ತಿ ಮತ್ತು ವರ್ಗಾವಣೆ ನೀತಿ, ಸುರಕ್ಷತೆ ಇದ್ದವು. ಮುಚ್ಚುಗಡೆ, ಸ್ಥಳಾಂತರ, ಹೊರಗುತ್ತಿಗೆ ಹೆಸರಿಸಿ ಸೇರಿರಲಿಲ್ಲ. ಎರಡೂ ಕಡೆಯವರು ಒಪ್ಪಿದ ಬೇರೆ ವಿಷಯ ಎಂಬ ಕೊನೆಯ ಸಾಲು ಮಾತ್ರ ಅವುಗಳಿಗೆ ಜಾಗ ಕೊಡಬಲ್ಲದು, ಅದೂ ಮಾಲೀಕರು ಒಪ್ಪಿದರೆ.

9-ಎ ಈಗ ಕಲಂ 40, ನಾಲ್ಕನೆಯ ಅನುಸೂಚಿ ಈಗ ಮೂರನೆಯದು. 21 ದಿನಗಳು ಹಾಗೆಯೇ ಇವೆ. ತುರ್ತು ಸಂದರ್ಭದ ಪಾಳಿ ಬದಲಾವಣೆಗೆ ಕುಂದುಕೊರತೆ ನಿವಾರಣಾ ಸಮಿತಿಯೊಡನೆ ಸಮಾಲೋಚಿಸಿದರೆ ಸಾಕು, ಸರ್ಕಾರದ ಆದೇಶದಂತೆ ಆಗುವ ಬದಲಾವಣೆಗೆ ಸೂಚನೆಯೇ ಬೇಡ ಎಂಬ ಹೊಸ ವಿನಾಯಿತಿಗಳು ಸೇರಿವೆ. ಪೂರ್ವಾನುಮತಿಯ ಮಿತಿ 100ರಿಂದ ಮತ್ತೆ 300ಕ್ಕೆ ಏರಿದೆ. ಇದು ಸಂಹಿತೆಯ ಅತಿ ದೊಡ್ಡ ನಷ್ಟ. ಲಾಭವೂ ಒಂದಿದೆ. ಸಂಧಾನ ವಿಫಲವಾದರೆ ಸರ್ಕಾರದ ನಿರ್ದೇಶನಕ್ಕೆ ಕಾಯದೆ ಪಕ್ಷಗಳೇ ನೇರವಾಗಿ ನ್ಯಾಯಾಧಿಕರಣಕ್ಕೆ ಹೋಗಬಹುದು. ಅನುಚಿತ ಪದ್ಧತಿಗೆ ದಂಡವೂ ಏರಿದೆ, ಈಗ ಅದು ಕನಿಷ್ಠ 10,000 ರೂಪಾಯಿ, ಗರಿಷ್ಠ 2 ಲಕ್ಷ.

ನಾಲ್ಕು ತಾಲ್ಲೂಕುಗಳಲ್ಲಿ ಅನ್ವಯ

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ರಚನೆಯಾದಾಗ ಚನ್ನಗಿರಿ, ಹೊನ್ನಾಳಿ, ಜಗಳೂರು ಅದಕ್ಕೆ ಸೇರಿದವು. ನ್ಯಾಮತಿ ನಂತರ ಹೊನ್ನಾಳಿಯಿಂದ ಬೇರ್ಪಟ್ಟು ತಾಲ್ಲೂಕಾಯಿತು. ಭದ್ರಾ ನೀರಾವರಿಯ ಭತ್ತ, ಚನ್ನಗಿರಿಯ ಅಡಕೆ, ಬರಪೀಡಿತ ಜಗಳೂರಿನ ಮೆಕ್ಕೆಜೋಳ ಇಲ್ಲಿನ ಆರ್ಥಿಕತೆಯನ್ನು ನಡೆಸುತ್ತವೆ. 300 ಕಾರ್ಮಿಕರ ಘಟಕ ಇಲ್ಲಿ ವಿರಳ. ಅಕ್ಕಿ ಗಿರಣಿ, ಅಡಕೆ ಸಂಸ್ಕರಣೆ, ಎಪಿಎಂಸಿ ಪ್ರಾಂಗಣದ ಹಮಾಲಿ, ಪಟ್ಟಣದ ಸ್ವಚ್ಛತಾ ಕೆಲಸ, ಸಾರಿಗೆ ಇವೇ ಸಂಘಟಿತರಾಗಬಲ್ಲ ಕಾರ್ಮಿಕರ ನೆಲೆಗಳು.

ಅಡಕೆ ಸುಲಿಯುವ ಯಂತ್ರದ ಉದಾಹರಣೆ ಕಾನೂನಿನ ಗಡಿಯನ್ನು ಚೆನ್ನಾಗಿ ತೋರಿಸುತ್ತದೆ. ಕೊಯ್ಲಿನ ಕಾಲದಲ್ಲಿ ಮೆಟ್ಟುಗತ್ತಿಯ ಮುಂದೆ ಕುಳಿತು ಕೆ.ಜಿ. ಲೆಕ್ಕದಲ್ಲಿ ಸುಲಿಯುತ್ತಿದ್ದ ಮಹಿಳೆಯರ ಕೆಲಸವನ್ನು ಬಹುಮಟ್ಟಿಗೆ ಯಂತ್ರಗಳು ಕೊಂಡೊಯ್ದಿವೆ. ಖೇಣಿದಾರರು ನಡೆಸುವ ಸಂಸ್ಕರಣೆ ವ್ಯವಸ್ಥಿತ ಚಟುವಟಿಕೆಯಾಗಿದ್ದರೆ, 1978ರ ಬೆಂಗಳೂರು ಜಲಮಂಡಳಿ ತೀರ್ಪಿನ ವಿಶಾಲ ವ್ಯಾಖ್ಯೆಯಂತೆ ಅದನ್ನು ಉದ್ಯಮವೆಂದು ವಾದಿಸಬಹುದು. ತುಂಡುಗೂಲಿ ಎಂಬ ಕಾರಣಕ್ಕೆ ಕಾರ್ಮಿಕ ಸ್ಥಾನ ತಪ್ಪುವುದಿಲ್ಲ. ಗುತ್ತಿಗೆದಾರನ ಮೂಲಕ ಬೀಡಿ ಕಟ್ಟುವವರನ್ನೂ ಬೀಡಿ ಮಾಲೀಕರ ಕಾರ್ಮಿಕರೆಂದೇ ಸರ್ವೋಚ್ಚ ನ್ಯಾಯಾಲಯ 1960ರ ದಶಕದಲ್ಲಿ ಪರಿಗಣಿಸಿತ್ತು. ಕಡಿತದ ಪರಿಹಾರ ಸಿಗಬೇಕಾದರೆ ವರ್ಷದಲ್ಲಿ 240 ದಿನ ದುಡಿದಿರಬೇಕು. ಹಂಗಾಮಿನ ಕೆಲಸದಲ್ಲಿ ಅದು ಅಸಾಧ್ಯ. ಬದಲಾವಣೆಯ ಸೂಚನೆಗೆ ಮಾತ್ರ ಈ 240 ದಿನಗಳ ಷರತ್ತಿಲ್ಲ. ಪರಿಹಾರಕ್ಕೆ ಅರ್ಹಳಲ್ಲದ ಸುಲಿಗೆಯ ಹೆಂಗಸು ಸೂಚನೆಗೆ ಅರ್ಹಳಾಗಬಹುದೆಂಬ ವಾದಕ್ಕೆ ಕಲಮಿನ ಪದಗಳಲ್ಲಿ ಆಧಾರವಿದೆ.

ಸಹಕಾರ ಸಂಘಗಳ ನೌಕರರ ಸ್ಥಿತಿ ಬೇರೆ. ಚನ್ನಗಿರಿಯ ತುಮ್ಕೋಸ್‌ನಂಥ ಅಡಕೆ ಮಾರಾಟ ಸಹಕಾರ ಸಂಘಗಳು ಈ ಭಾಗದ ಪ್ರಮುಖ ಸಂಸ್ಥೆಗಳು. ಕರ್ನಾಟಕ ಸಹಕಾರ ಸಂಘಗಳ ಕಾಯಿದೆಯ ಕಲಂ 70ಕ್ಕೆ 2000ದಲ್ಲಿ ರಾಷ್ಟ್ರಪತಿಗಳ ಅಂಕಿತದೊಡನೆ ಬಂದ ತಿದ್ದುಪಡಿ, ಸಂಘ ಮತ್ತು ಅದರ ನೌಕರರ ನಡುವಿನ ಸೇವಾ ಷರತ್ತಿನ ವಿವಾದಗಳನ್ನು ಸಹಕಾರ ಸಂಘಗಳ ನಿಬಂಧಕರ ವ್ಯಾಪ್ತಿಗೆ ತಂದಿತು. ವಿಜಾಪುರ ಹಾಲು ಒಕ್ಕೂಟದ ಧಾರಪ್ಪ ಪ್ರಕರಣದಲ್ಲಿ 2007ರಲ್ಲಿ ಸರ್ವೋಚ್ಚ ನ್ಯಾಯಾಲಯ, 2000ದ ಜೂನ್ 20ರಿಂದ ಇಂಥ ವಿವಾದಗಳಲ್ಲಿ ಕಾರ್ಮಿಕ ನ್ಯಾಯಾಲಯದ ಅಧಿಕಾರ ಹೋಗಿದೆ ಎಂದು ಅಭಿಪ್ರಾಯಪಟ್ಟಿತು. ಸಹಕಾರ ಚಳವಳಿ ಬಲವಾಗಿರುವ ಸೀಮೆಯಲ್ಲಿಯೇ ಚೌಕಾಶಿಯ ಬೆನ್ನಿಗಿರಬೇಕಾದ ನ್ಯಾಯಾಲಯ ದೂರವಾಗಿದೆ. ಈ ತಿದ್ದುಪಡಿಯನ್ನು ಮರುಪರಿಶೀಲಿಸಬೇಕಾದ ಅಗತ್ಯವಿದೆ.

ಪಟ್ಟಣಗಳ ಸ್ಥಳೀಯ ಸಂಸ್ಥೆಗಳಲ್ಲಿ ಸ್ವಚ್ಛತೆಯ ಕೆಲಸವನ್ನು ಗುತ್ತಿಗೆಗೆ ಕೊಡುವುದು, ಗುತ್ತಿಗೆಯಿಂದ ನೇರ ಪಾವತಿಗೆ ತರುವುದು ಸರ್ಕಾರದ ಆದೇಶಗಳಿಂದ ತೀರ್ಮಾನವಾಗುತ್ತದೆ. ಸಂಹಿತೆಯ ಹೊಸ ವಿನಾಯಿತಿ ಮೊದಲು ತಾಗುವುದು ಇಂಥ ಕಡೆ. ಎಪಿಎಂಸಿ ಹಮಾಲರ ಸ್ಥಿತಿ ಇದಕ್ಕಿಂತ ಮೇಲು. ಕೂಲಿ ದರವನ್ನು ವರ್ತಕರು ಮತ್ತು ಹಮಾಲರ ಸಂಘಗಳು ಕುಳಿತು ನಿರ್ಧರಿಸುವ ರೂಢಿ ಹಲವು ಪ್ರಾಂಗಣಗಳಲ್ಲಿದೆ, ಕಾನೂನಿನ ಒತ್ತಾಯವಿಲ್ಲದೆ ಬೆಳೆದ ಚೌಕಾಶಿ ಇದು.

ಕಾರ್ಮಿಕ ಸಂಘದ ನೋಂದಣಿಗೆ ಕನಿಷ್ಠ ಏಳು ಮಂದಿ ಸದಸ್ಯರು ಬೇಕು. ಸೂಚನೆಯಿಲ್ಲದ ಬದಲಾವಣೆ ಕಂಡ ಸಂಘ ಮೊದಲು ಮಾಲೀಕರಿಗೆ ಲಿಖಿತ ಆಕ್ಷೇಪ ಕೊಟ್ಟು, ಅದರ ಪ್ರತಿಯನ್ನು ಕಾರ್ಮಿಕ ಇಲಾಖೆಗೆ ಸಲ್ಲಿಸಿ ಸಂಧಾನ ಕೋರಬೇಕು. ಸಂಧಾನ ಮುರಿದ ವರದಿ ಬಂದ 90 ದಿನಗಳೊಳಗೆ ನ್ಯಾಯಾಧಿಕರಣಕ್ಕೆ ಅರ್ಜಿ ಹಾಕದಿದ್ದರೆ ಸಂಹಿತೆಯ ಈ ನೇರ ದಾರಿ ಮುಚ್ಚುತ್ತದೆ.